ಬೀಜ ಇಲ್ಲದ ಬಳ್ಳಿಗೆ ಮಕ್ಕಳೆಲ್ಲಿ?

ಫೆಬ್ರವರಿ ಬಂತೆಂದರೆ ತಳ್ಳುಗಾಡಿಯವರು ದ್ರಾಕ್ಷಿಯನ್ನು ಹೆಸರು ಹಿಡಿದು ಮಾರುತ್ತಾರೆ. ಇದು ಸೋನಾಕಾ, ಇದು ಮಾಣಿಕ್ ಚಮನ್, ಇದು ಗಣೇಶ್. ಒಂದು ಉದ್ದ, ಇನ್ನೊಂದು ಕೊಂಚ ದುಂಡು, ಉದ್ದದ್ದಕ್ಕೆ ಕೆಜಿಗೆ ಹತ್ತಿಪ್ಪತ್ತು ರೂಪಾಯಿ ಜಾಸ್ತಿ. ಕೊಳ್ಳುವ ನಾವು ಮಾವಿನಹಣ್ಣಿನ ಲೆಕ್ಕದಲ್ಲಿ ಯೋಚಿಸ್ತೀವಿ: ರಸಪುರಿ ಬೇರೆ, ಮಲ್ಲಿಕಾ ಬೇರೆ ಇದ್ದ ಹಾಗೆ ಇವೂ ಬೇರೆ ಬೇರೆ ತಳಿ ಅಂತ. ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ತಿಕೋಟಾ ದಾಟಿ ಯಾವ ಪಡದಲ್ಲಾದರೂ ಕೇಳಿ ನೋಡಿ. ಈ ಹೆಸರುಗಳ ಹಿಂದೆ ಇರುವುದು ಒಂದೇ ಬಳ್ಳಿ. ಅದರ ಹೆಸರು ಥಾಮ್ಸನ್ ಸೀಡ್‌ಲೆಸ್. ಉಳಿದವೆಲ್ಲ ಅದರದೇ ತುಂಡುಗಳು.

ತುಂಡು ಅಂದದ್ದು ಮಾತಿನ ಅಲಂಕಾರಕ್ಕಲ್ಲ. ದ್ರಾಕ್ಷಿಯನ್ನು ಯಾರೂ ಬೀಜ ಬಿತ್ತಿ ಬೆಳೆಯುವುದಿಲ್ಲ. ಒಂದು ಬಳ್ಳಿಯ ಕಡ್ಡಿ ಕತ್ತರಿಸಿ, ಇನ್ನೊಂದರ ಬೇರಿನ ಮೇಲೆ ಕಸಿ ಕಟ್ಟುತ್ತಾರೆ. ಹಾಗೆ ಕಟ್ಟಿದ ಗಿಡ ತಾಯಿಬಳ್ಳಿಯ ಮಗು ಅಲ್ಲ, ತಾಯಿಯೇ. ನಮ್ಮ ಸಾಫ್ಟ್‌ವೇರ್ ಮಂದಿಗೆ ಅರ್ಥ ಆಗುವ ಹಾಗೆ ಹೇಳೋದಾದರೆ ಇದು ಹೊಸ ಪ್ರೋಗ್ರಾಂ ಅಲ್ಲ, ಹಳೇ ಫೋಲ್ಡರ್ ಕಾಪಿ-ಪೇಸ್ಟ್. ಸಾಲಿನಿಂದ ಸಾಲಿಗೆ 9 ಅಡಿ, ಗಿಡದಿಂದ ಗಿಡಕ್ಕೆ 5 ಅಡಿ ಬಿಟ್ಟರೆ ಎಕರೆಗೆ ಸುಮಾರು 970 ಗಿಡ ಕೂರುತ್ತವೆ. ಎರಡು ಎಕರೆಯ ಪಡ ಅಂದರೆ ಒಂದೇ ಜೀವದ ಹತ್ತಿರ ಹತ್ತಿರ ಎರಡು ಸಾವಿರ ಪ್ರತಿ.

ಈ ಕಾಪಿ-ಪೇಸ್ಟಿನ ಇತಿಹಾಸ ಉದ್ದವಿದೆ. ಪಶ್ಚಿಮ ಏಷ್ಯಾ ಕಡೆ ಕಿಶ್ಮಿಶ್ ಅಂತ, ಸುಲ್ತಾನಾ ಅಂತ ಕರೆಸಿಕೊಳ್ಳುತ್ತಿದ್ದ ಬಳ್ಳಿ ಇದು. 1872ರಲ್ಲಿ ವಿಲಿಯಂ ಥಾಮ್ಸನ್ ಎಂಬವರು ನ್ಯೂಯಾರ್ಕಿನ ಒಂದು ನರ್ಸರಿಯಿಂದ ಇದರ ಕಡ್ಡಿ ತರಿಸಿ ಕ್ಯಾಲಿಫೋರ್ನಿಯಾದ ಯೂಬಾ ಸಿಟಿ ಹತ್ತಿರ ಹಚ್ಚಿದರು. ಅಲ್ಲಿ ಹೆಸರು ಥಾಮ್ಸನ್ ಆಯ್ತು. ಭಾರತಕ್ಕೆ ಬಂದ ಮೇಲೆ ಅದು ಸಾಂಗ್ಲಿ, ಸೊಲ್ಲಾಪುರ, ನಾಸಿಕ್ ಸುತ್ತ ಹರಡಿ, ಗಡಿ ದಾಟಿ ನಮ್ಮ ಕನಮಡಿ, ಬಿಜ್ಜರಗಿ, ಬಾಬಾನಗರ, ತಿಕೋಟಾ, ಬಬಲೇಶ್ವರಕ್ಕೂ ಬಂತು. ಪಡದ ಭಾಷೆ ಇವತ್ತಿಗೂ ಅರ್ಧ ಮರಾಠಿ. ಕೊಂಬೆ ಸವರುವುದಕ್ಕೆ ನಮ್ಮಲ್ಲಿ ಚಾಟ್ನಿ ಅಂತಾರೆ. ಏಪ್ರಿಲ್ ಚಾಟ್ನಿ ಕಡ್ಡಿಗಾಗಿ, ಅಕ್ಟೋಬರ್ ಚಾಟ್ನಿ ಹಣ್ಣಿಗಾಗಿ.

ಹಾಗಾದರೆ ಸೋನಾಕಾ ಉದ್ದ ಯಾಕೆ, ಥಾಮ್ಸನ್ ಚಿಕ್ಕದು ಯಾಕೆ? ಕಾಪಿ ಮಾಡುವಾಗ ಅಪರೂಪಕ್ಕೊಮ್ಮೆ ಒಂದು ಅಕ್ಷರ ತಪ್ಪುತ್ತದೆ. ಬಳ್ಳಿಯ ಯಾವುದೋ ಒಂದು ಮೊಗ್ಗಿನ ಕಣದಲ್ಲಿ ಡಿಎನ್‌ಎ ಒಂಚೂರು ಬದಲಾಗಿ, ಆ ಮೊಗ್ಗಿನಿಂದ ಹೊರಟ ಕಡ್ಡಿಯಲ್ಲಿ ಮಾತ್ರ ಕಾಯಿ ಬೇರೆ ಥರ ಬರುತ್ತದೆ. ಗಿಡ ಒಂದೇ, ಒಂದು ಕಡ್ಡಿ ಮಾತ್ರ ಬೇರೆ. ಸಾವಿರಾರು ಗಿಡ, ಗಿಡಕ್ಕೆ ಮೂವತ್ತು ನಲವತ್ತು ಕಡ್ಡಿ ಇರುವ ತೋಟದಲ್ಲಿ ಇಂಥದೊಂದನ್ನು ಕಾಣಬೇಕಾದರೆ ಕಣ್ಣು ಬೇಕು. ಕಂಡವರು ರೈತರು. ಸೊಲ್ಲಾಪುರ ಹತ್ತಿರದ ನಾನ್ನಜ್ ಊರಿನ ನಾನಾಸಾಹೇಬ್ ಕಾಳೆ ಆರಿಸಿದ್ದು ಸೋನಾಕಾ. ಸೊಲ್ಲಾಪುರದ ಸೋ, ನಾನಾಸಾಹೇಬರ ನಾ, ಕಾಳೆಯ ಕಾ. ಹೆಸರಿನಲ್ಲೇ ಊರು, ವ್ಯಕ್ತಿ, ಮನೆತನ ಮೂರೂ ಇವೆ. ಕಪ್ಪು ದ್ರಾಕ್ಷಿಯಲ್ಲಿ ಶರದ್ ಸೀಡ್‌ಲೆಸ್ ಕೂಡ ಅವರದೇ. ಅದು ಕಪ್ಪು ಕಿಶ್ಮಿಶ್ ಬಳ್ಳಿಯಿಂದ ಆರಿಸಿದ್ದು. ಸಾಂಗ್ಲಿ ಜಿಲ್ಲೆಯ ತಾಸಗಾಂವ್ ಕಡೆಯ ವಸಂತರಾವ್ ಆರ್ವೆ ಆರಿಸಿದ್ದು ತಾಸ್-ಎ-ಗಣೇಶ್, ನಮ್ಮ ತಳ್ಳುಗಾಡಿಯ "ಗಣೇಶ್". ಮಾಣಿಕ್ ಚಮನ್ ಸಹ ಸೊಲ್ಲಾಪುರ ಕಡೆ ಥಾಮ್ಸನ್‌ನಿಂದ ಆರಿಸಿದ್ದೇ. ಯಾರ ಹತ್ತಿರವೂ ಲ್ಯಾಬ್ ಇರಲಿಲ್ಲ. ಬೇರೆ ಕಂಡ ಕಡ್ಡಿಗೆ ಗುರುತು ಕಟ್ಟಿ, ಅದನ್ನೇ ಕಸಿ ಮಾಡಿ, ಎರಡು ಮೂರು ಸುಗ್ಗಿ ಕಾದು, ಗುಣ ನಿಂತಿತಾ ಹೋಯಿತಾ ಅಂತ ನೋಡಿದ್ದು ಅಷ್ಟೇ.

ಇದನ್ನೆಲ್ಲ ಈಗ ಬರೆಯೋಕೆ ಕಾರಣ ನಮ್ಮ ಮಾಮಾನ ಪಡ. ತಿಕೋಟಾದಿಂದ ಒಳಗೆ ಹೋದರೆ ಸಿಗುವ ಊರಲ್ಲಿ ಎರಡು ಎಕರೆ, 14 ವರ್ಷದ ಗಿಡ. ಇಳುವರಿ ಇಳಿದಿದೆ, ಕಾಂಡ ಒಣಗುತ್ತಿವೆ, ತೆಗೆದು ಹೊಸದು ಹಚ್ಚಲೇಬೇಕು. ಏನು ಹಚ್ಚೋದು ಅನ್ನೋದೇ ಮನೆಯಲ್ಲಿ ಜಗಳ. ಹಚ್ಚಿದ ಮೇಲೆ ಮತ್ತೆ 12-15 ವರ್ಷ ಅದರ ಜೊತೆಗೇ ಬಾಳಬೇಕು. ಮೂರು ವರ್ಷಕ್ಕೊಮ್ಮೆ ಕಂಪನಿ ಬದಲಿಸುವ ನಮ್ಮ ಹಾಗಲ್ಲ. ಮಾಮಾನ ಮಗ ಬಿಎಸ್ಸಿ ಮುಗಿಸಿ ಊರಲ್ಲೇ ಉಳಿದವನು, ನನಗಿಂತ ಎರಡು ವರ್ಷ ಚಿಕ್ಕವನು. ಅವನ ವಾದ ಹೀಗೆ: "ಅಪ್ಪಾ, ಹೂವಿನ್ಯಾಗ ಇದ್ದಾಗ ಪ್ರತಿ ವರ್ಷ ಮಳಿ ಹೊಡ್ಯಾಕತ್ತೈತಿ. ಅದೇ ಥಾಮ್ಸನ್ ಮತ್ತ ಹಚ್ಚಿದ್ರ ಅದೇ ಔಷಧ, ಅದೇ ಸಾಲ. ರೋಗ ತಡಿಯೋ ಹೈಬ್ರಿಡ್ ಏನಾರ ನೋಡೂಣು." ಮಾಮಾನ ಉತ್ತರ: "ಯಾಪಾರಿ ತಗೋತಾನೇನ ನಿನ್ನ ಹೈಬ್ರಿಡ್?"

ಇಬ್ಬರದೂ ಸರಿ. ಅದೇ ತೊಂದರೆ.

ಮಗನ ಮಾತು ಮೊದಲು ನೋಡೋಣ. ವಿಜಯಪುರದಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ. ದ್ರಾಕ್ಷಿ ಇಲ್ಲಿ ಬಂದದ್ದೇ ಒಣ ಹವೆ ನೋಡಿ. ಅಕ್ಟೋಬರ್‌ನಲ್ಲಿ ಚಾಟ್ನಿ ಮಾಡಿದರೆ ನವೆಂಬರ್‌ನಲ್ಲಿ ಹೂವು, ಫೆಬ್ರವರಿ-ಮಾರ್ಚ್‌ನಲ್ಲಿ ಹಣ್ಣು. ಹಿಂಗಾರಿನ ಮಳೆ ಚಾಟ್ನಿಗಿಂತ ಮುಂಚೆ ಮುಗಿದರೆ ಲೆಕ್ಕ ಸರಿ. ಅದು ನವೆಂಬರ್‌ವರೆಗೆ ಎಳೆದರೆ ಎಲೆಯ ಕೆಳಗೆ ಬಿಳಿ ಬೂಸ್ಟು ಕಾಣಿಸಿಕೊಂಡು, ಹೂಗೊಂಚಲು ಎರಡು ಮೂರು ದಿನದಲ್ಲಿ ಕೊಳೆತು ಉದುರುತ್ತದೆ. ಇದು ದಾವಣಿ ರೋಗ. ಆಗ ದಿನಕ್ಕೊಂದು ಸ್ಪ್ರೇ, ಕೆಲವು ಸಲ ಬೆಳಿಗ್ಗೆ ಒಂದು ಸಂಜೆ ಒಂದು. ಮಾಮಾ ರಾತ್ರಿ ಹನ್ನೊಂದಕ್ಕೆ ಟ್ರ್ಯಾಕ್ಟರ್ ಬ್ಲೋವರ್ ಹೊಡೆದು ಬಂದು, ಮೊಬೈಲ್‌ನಲ್ಲಿ ಹವಾಮಾನ ನೋಡುತ್ತಾ ಕೂರುವುದನ್ನು ನಾನು ದೀಪಾವಳಿ ರಜೆಯಲ್ಲಿ ಕಂಡಿದ್ದೇನೆ. ರಿಲೀಸ್ ದಿನ ನಮ್ಮ ಟೀಮ್ ಡ್ಯಾಶ್‌ಬೋರ್ಡ್ ನೋಡುವ ಹಾಗೆಯೇ. ವ್ಯತ್ಯಾಸ ಅಂದರೆ ನಮಗೆ ಹಳೇ ವರ್ಷನ್‌ಗೆ ವಾಪಸ್ ಹೋಗುವ ಬಟನ್ ಇರುತ್ತೆ.

ಥಾಮ್ಸನ್ ಯುರೋಪ್-ಏಷ್ಯಾದ ದ್ರಾಕ್ಷಿ. ದಾವಣಿ ರೋಗದ ತವರು ಅಮೆರಿಕ. ಅಲ್ಲಿಯ ಕಾಡುದ್ರಾಕ್ಷಿಗಳು ಸಾವಿರಾರು ವರ್ಷ ಆ ರೋಗದ ಜೊತೆ ಬದುಕಿ ತಡೆಯುವ ಗುಣ ಬೆಳೆಸಿಕೊಂಡಿವೆ. ಇವಕ್ಕೆ ಅದರ ಪರಿಚಯವೇ ಇಲ್ಲ. 1878ರ ಹೊತ್ತಿಗೆ ರೋಗ ಫ್ರಾನ್ಸ್ ಮುಟ್ಟಿತು. 1885ರಲ್ಲಿ ಬೋರ್ಡೋದ ಪ್ರೊಫೆಸರ್ ಮಿಲಾರ್ಡೆ ಮೈಲುತುತ್ತ ಮತ್ತು ಸುಣ್ಣದ ದ್ರಾವಣ ಇದನ್ನು ತಡೆಯುತ್ತದೆ ಅಂತ ಬರೆದು ತಿಳಿಸಿದರು. ದಾರಿಹೋಕರು ಹಣ್ಣು ಕದಿಯದಿರಲಿ ಎಂದು ರಸ್ತೆಪಕ್ಕದ ಬಳ್ಳಿಗಳಿಗೆ ಅಲ್ಲಿಯ ರೈತರು ಅದನ್ನು ಸಿಂಪಡಿಸಿದ್ದರಂತೆ, ಆ ಬಳ್ಳಿಗಳಿಗೆ ಮಾತ್ರ ರೋಗ ಬಂದಿರಲಿಲ್ಲ. ಅದೇ ಬೋರ್ಡೋ ಇವತ್ತಿಗೂ ತಿಕೋಟಾದ ಪ್ರತಿ ಪಡದ ಶೆಡ್ಡಿನಲ್ಲಿ ನೀಲಿ ಡ್ರಮ್ಮಿನಲ್ಲಿ ಕಲೆಸುತ್ತಿರುತ್ತಾರೆ. 140 ವರ್ಷದ ಹಳೇ ಔಷಧಕ್ಕೆ ನಾವು ಇನ್ನೂ ಜೋತುಬಿದ್ದಿರುವುದಕ್ಕೆ ಕಾರಣ ಬಳ್ಳಿ ಬದಲಾಗದೆ ಉಳಿದಿರುವುದು. ರೋಗ ಪ್ರತಿ ವರ್ಷ ಹೊಸ ಪೀಳಿಗೆ ಹುಟ್ಟಿಸುತ್ತದೆ. ನಮ್ಮ ಬಳ್ಳಿ ಪೀಳಿಗೆಯನ್ನೇ ಕಂಡಿಲ್ಲ.

ಕೂಡಿಸಿ ಹೊಸ ಪೀಳಿಗೆ ಮಾಡಿದರಾಯ್ತಲ್ಲ, ರೋಗ ತಡೆಯುವ ದ್ರಾಕ್ಷಿ ಒಂದು ಕಡೆ, ರುಚಿಯ ಥಾಮ್ಸನ್ ಇನ್ನೊಂದು ಕಡೆ? ಕೆಲಸ ಕೇಳಲು ಸುಲಭ. ದ್ರಾಕ್ಷಿಯ ಹೂವು ಸಾಸಿವೆಕಾಳಿನಷ್ಟು. ಅದರ ಎಸಳುಗಳು ಕೂಡಿಕೊಂಡು ಟೊಪ್ಪಿಗೆಯ ಹಾಗೆ ಮುಚ್ಚಿರುತ್ತವೆ. ಅರಳುವ ಮುಂಚೆಯೇ ಚಿಮುಟದಿಂದ ಆ ಟೊಪ್ಪಿಗೆಯನ್ನೂ ಒಳಗಿನ ಗಂಡು ಕೇಸರಗಳನ್ನೂ ಒಂದೊಂದಾಗಿ ತೆಗೆಯಬೇಕು, ಇಲ್ಲದಿದ್ದರೆ ಹೂವು ತನ್ನ ಪರಾಗಕ್ಕೇ ಕಾಯಿ ಕಟ್ಟಿಬಿಡುತ್ತದೆ. ಆಮೇಲೆ ಗೊಂಚಲಿಗೆ ಕಾಗದದ ಚೀಲ, ಮರುದಿನ ಬೇಕಾದ ತಳಿಯ ಪರಾಗ ಕುಂಚದಿಂದ ಸವರೋದು, ಮತ್ತೆ ಚೀಲ. ಹಣ್ಣಾದ ಮೇಲೆ ಬೀಜ ತೆಗೆದು, ತಂಪಿನಲ್ಲಿ ಕೆಲವು ತಿಂಗಳು ಇಟ್ಟು, ಮೊಳಕೆ ಬರಿಸಿ ನೆಡಬೇಕು. ಆ ಸಸಿ ಹಣ್ಣು ಬಿಡಲು ಮೂರು ವರ್ಷ.

ಬೀಜ ತೆಗೆದು ಅಂದೆ. ಸೀಡ್‌ಲೆಸ್‌ನಲ್ಲಿ ಬೀಜ ಎಲ್ಲಿಂದ?

ಈ ವಿದ್ಯೆಯ ಇಡೀ ಗಂಟು ಇಲ್ಲಿದೆ. ಥಾಮ್ಸನ್‌ಗೆ ಬೀಜ ಆಗುವುದೇ ಇಲ್ಲ ಅಂತಲ್ಲ. ಪರಾಗ ಬೀಳುತ್ತದೆ, ಭ್ರೂಣ ಕಟ್ಟುತ್ತದೆ, ಕೆಲವು ವಾರ ಬೆಳೆದು ಆಮೇಲೆ ಸಾಯುತ್ತದೆ. ನಾವು ತಿನ್ನುವಾಗ ನಾಲಿಗೆಗೆ ಸಿಗುವ ಆ ಮೆತ್ತನೆಯ ಚುಕ್ಕೆ ಸತ್ತ ಬೀಜವೇ. ಹಾಗಾಗಿ ಥಾಮ್ಸನ್ ಅಪ್ಪ ಆಗಬಲ್ಲದು, ಅದರ ಪರಾಗಕ್ಕೆ ಏನೂ ಆಗಿಲ್ಲ, ಅಮ್ಮ ಆಗಲಾರದು. ಬಹುಕಾಲ ತಳಿವಿಜ್ಞಾನಿಗಳು ಬೀಜ ಇರುವ ತಳಿಯನ್ನು ತಾಯಿ ಮಾಡಿ, ಸೀಡ್‌ಲೆಸ್ ಪರಾಗ ಹಾಕಿ, ಹುಟ್ಟಿದ ನೂರಾರು ಸಸಿಗಳಲ್ಲಿ ಬೀಜ ಇಲ್ಲದ ಕೆಲವನ್ನು ಹುಡುಕುತ್ತಿದ್ದರು. ನಮ್ಮ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಹೈಬ್ರಿಡ್‌ಗಳು ಈ ದಾರಿಯಲ್ಲೇ ಬಂದವು. ಅರ್ಕಾವತಿಯ ತಾಯಿ ಬ್ಲ್ಯಾಕ್ ಚಂಪಾ, ತಂದೆ ಥಾಮ್ಸನ್. ಅರ್ಕಾ ಶ್ವೇತಾಗೆ ತಾಯಿ ಅನಾಬ್-ಎ-ಶಾಹಿ, ತಂದೆ ಮತ್ತೆ ಥಾಮ್ಸನ್.

1982ರಲ್ಲಿ ಅಮೆರಿಕದ ಫ್ರೆಸ್ನೋದಲ್ಲಿ ರಾಮಿಂಗ್ ಮತ್ತು ಎಮರ್ಶಾಡ್ ಎಂಬ ಇಬ್ಬರು ಇನ್ನೊಂದು ದಾರಿ ತೆಗೆದರು. ಭ್ರೂಣ ಸಾಯುವ ಮುಂಚೆಯೇ ಎಳೆಗಾಯಿ ಕೊಯ್ದು, ಒಳಗಿನದನ್ನು ಬಿಡಿಸಿ, ಗಾಜಿನ ಬಾಟಲಿಯ ಪೋಷಕ ದ್ರವದಲ್ಲಿ ಬೆಳೆಸಿದರು. ಆಸ್ಪತ್ರೆಯಲ್ಲಿ ದಿನ ತುಂಬದ ಕೂಸನ್ನು ಪೆಟ್ಟಿಗೆಯಲ್ಲಿ ಇಡುತ್ತಾರಲ್ಲ, ಅದೇ ಲೆಕ್ಕ. ಆಗ ಸೀಡ್‌ಲೆಸ್ ಬಳ್ಳಿ ಮೊದಲ ಸಲ ತಾಯಿಯೂ ಆಯ್ತು. ಇವತ್ತು ಸೂಪರ್‌ಮಾರ್ಕೆಟ್‌ಗಳಲ್ಲಿ ಸಿಗುವ, ಬೇರೆ ಬೇರೆ ಬಣ್ಣದ, ಗರಿಗರಿ ಅನ್ನುವ ವಿದೇಶಿ ಸೀಡ್‌ಲೆಸ್‌ಗಳ ಹಿಂದೆ ಬಹುಪಾಲು ಈ ವಿಧಾನವಿದೆ. 2018ರಲ್ಲಿ ಇನ್ನೊಂದು ಹೆಜ್ಜೆ: ಈ ಬೀಜ ಸಾಯುವುದಕ್ಕೆ ಯಾವ ಜೀನ್‌ನ ಯಾವ ಬದಲಾವಣೆ ಕಾರಣ ಅಂತ ಪತ್ತೆಯಾಯಿತು. ಈಗ ಸಸಿಯ ಎಲೆಯ ಚೂರು ಪರೀಕ್ಷಿಸಿದರೆ ಅದು ಮುಂದೆ ಸೀಡ್‌ಲೆಸ್ ಆಗುತ್ತಾ ಅಂತ ಗೊತ್ತಾಗುತ್ತದೆ. ಮೂರು ವರ್ಷ ಕಾದು ಹಣ್ಣು ಕಚ್ಚಿ ನೋಡಬೇಕಿಲ್ಲ.

ಆದರೂ ರೋಗದ ಗುಣ ಒಂದನ್ನೇ ಎತ್ತಿಕೊಂಡು ಬರಲು ಆಗುವುದಿಲ್ಲ. ಅಮೆರಿಕದ ದ್ರಾಕ್ಷಿಯನ್ನು ಕೂಡಿಸಿದರೆ ಅದರ ವಾಸನೆ, ಜಾರುವ ಸಿಪ್ಪೆ, ಹುಳಿ ಎಲ್ಲಾ ಬರುತ್ತದೆ. ಬೆಂಗಳೂರಿನಲ್ಲಿರುವ ಓದುಗರಿಗೆ ಆ ರುಚಿ ಗೊತ್ತು: ದೇವನಹಳ್ಳಿ, ಚಿಕ್ಕಬಳ್ಳಾಪುರದ ಬೆಂಗಳೂರು ಬ್ಲೂ. ಹಿಸುಕಿದರೆ ಸಿಪ್ಪೆ ಬಿಟ್ಟು ತಿರುಳು ಬಾಯಿಗೆ ಹಾರುತ್ತೆ, ಒಳಗೆ ಬೀಜ, ಜ್ಯೂಸ್ ಅಂಗಡಿಯ ಆ ಗಾಢ ಪರಿಮಳ. ಅದು ಅಮೆರಿಕದ ರಕ್ತ ಸೇರಿದ ದ್ರಾಕ್ಷಿ, ಅದಕ್ಕೇ ಅಷ್ಟು ಗಟ್ಟಿ. ಪುಣೆಯ ಆಘಾರ್‌ಕರ್ ಸಂಶೋಧನಾ ಸಂಸ್ಥೆಯ ಎಆರ್‌ಐ-516 ಕೂಡ ಇದೇ ಜಾಡಿನದು. ಅಮೆರಿಕದ ಕಟಾಬಾ ಒಂದು ಕಡೆ, ಬ್ಯೂಟಿ ಸೀಡ್‌ಲೆಸ್ ಇನ್ನೊಂದು ಕಡೆ. ಜ್ಯೂಸಿಗೆ ಚೆಂದ. ಊಟದ ಮೇಜಿಗೆ ಬೇಕಾದ ಗರಿಗರಿ, ಬೀಜರಹಿತ, ರೋಗ ತಡೆಯುವ ದ್ರಾಕ್ಷಿ ಬೇಕಾದರೆ ಹುಟ್ಟಿದ ಮಗುವನ್ನು ಮತ್ತೆ ಒಳ್ಳೇ ತಳಿಗೆ ಕೂಡಿಸಿ, ಅದರ ಮಗುವನ್ನು ಮತ್ತೆ ಕೂಡಿಸಿ, ಪ್ರತಿ ಸಲ ರೋಗ ತಡೆಯುವುದನ್ನಷ್ಟೇ ಉಳಿಸಿಕೊಂಡು ಹೋಗಬೇಕು. ಒಂದು ತಲೆಮಾರಿಗೆ ಮೂರು ನಾಲ್ಕು ವರ್ಷ ಹಿಡಿದರೆ ಐದು ತಲೆಮಾರಿಗೆ ಎಷ್ಟಾಯ್ತು? ಒಬ್ಬ ವಿಜ್ಞಾನಿಯ ಅರ್ಧ ಸರ್ವಿಸ್ ಒಂದೇ ತಳಿಗೆ. ನಮ್ಮಲ್ಲಿ ಎರಡು ವಾರದ ಸ್ಪ್ರಿಂಟ್ ತಡವಾದರೆ ಮ್ಯಾನೇಜರ್ ಮೆಸೇಜ್ ಬರುತ್ತೆ.

ಈಗ ಮಾಮಾನ ಮಾತು: ವ್ಯಾಪಾರಿ ತಗೋತಾನಾ? ವ್ಯಾಪಾರಿಗೆ ಬೇಕಾದದ್ದು ಉದ್ದನೆಯ ಕಾಯಿ, ಒಂದೇ ಅಳತೆ, ಹಳದಿ ಛಾಯೆಯ ಹಸಿರು. ರೋಗ ತಡೆಯುವ ಗುಣ ಕ್ರೇಟಿನಲ್ಲಿ ಕಾಣುವುದಿಲ್ಲ, ಅದಕ್ಕೆ ಯಾರೂ ಕಾಸು ಕೊಡುವುದಿಲ್ಲ. ಈ ಉದ್ದದ ಹುಚ್ಚು ನನಗೆ ಇಷ್ಟವಿಲ್ಲ, ಆದರೆ ಅದರ ಹಿಂದಿನ ಕಥೆ ಚೆನ್ನಾಗಿದೆ. ಕಾಯಿ ದಪ್ಪ ಆಗಲು ಬೇಕಾದ ಜಿಬ್ಬರೆಲಿನ್ ಎಂಬ ಹಾರ್ಮೋನ್ ಹೆಚ್ಚಾಗಿ ತಯಾರಾಗುವುದು ಬೀಜದಲ್ಲಿ. ಬೀಜ ಸತ್ತರೆ ಕಾಯಿ ಸಣ್ಣದಾಗಿಯೇ ಉಳಿಯುತ್ತದೆ. ಜಪಾನಿನಲ್ಲಿ ಭತ್ತದ ಸಸಿ ಹುಚ್ಚು ಹಿಡಿದ ಹಾಗೆ ಉದ್ದ ಬೆಳೆದು ಬಿದ್ದುಹೋಗುವ ಒಂದು ರೋಗವಿತ್ತು. ಅದಕ್ಕೆ ಕಾರಣ ಒಂದು ಬೂಸ್ಟು ಬಿಡುವ ವಸ್ತು ಅಂತ 1926ರಲ್ಲಿ ಕುರೊಸಾವಾ ತೋರಿಸಿಕೊಟ್ಟರು. ಆ ವಸ್ತುವೇ ಜಿಬ್ಬರೆಲಿನ್. ಈಗ ಪ್ರತಿ ಪಡದಲ್ಲೂ "ಜಿಎ" ಅಂತ ಅದರ ನೀರಿನಲ್ಲಿ ಗೊನೆ ಅದ್ದುತ್ತಾರೆ. ಅಂದರೆ ತಾನೇ ಕಳೆದುಕೊಂಡ ಬೀಜದ ಕೆಲಸವನ್ನು ಬಳ್ಳಿಗೆ ನಾವು ಹೊರಗಿನಿಂದ ಮಾಡಿಕೊಡುತ್ತೇವೆ. ಸೋನಾಕಾದಂಥ ಆಯ್ಕೆಗಳು ಗೆದ್ದದ್ದು ಅವು ಸಹಜವಾಗಿಯೇ ಉದ್ದ ಅಂತ.

ತಿಕೋಟಾ, ಬಬಲೇಶ್ವರದ ದೊಡ್ಡ ಪಾಲು ಹಣ್ಣು ತಟ್ಟೆಗೆ ಹೋಗದೆ ಮಣೂಕ ಆಗುತ್ತದೆ. ಅಲ್ಲಿ ಬೇಕಾದ ಗುಣವೇ ಬೇರೆ. ಸಕ್ಕರೆ 22 ಬ್ರಿಕ್ಸ್ ದಾಟಬೇಕು, ಸಿಪ್ಪೆ ತೆಳುವಿರಬೇಕು. ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಷಿಯಂ ಕಾರ್ಬೋನೇಟ್, 15 ಮಿಲಿ ಡಿಪ್ಪಿಂಗ್ ಆಯಿಲ್ ಬೆರೆಸಿ ಹಣ್ಣು ಅದ್ದಿದರೆ ಸಿಪ್ಪೆಯ ಮೇಣದ ಪದರ ಸಡಿಲಾಗಿ ನೀರು ಬೇಗ ಹೋಗುತ್ತದೆ. ಶೆಡ್ಡಿನ ಬಲೆಗಳ ಮೇಲೆ ಎರಡು ವಾರದ ಸುಮಾರಿಗೆ ಒಣಗುತ್ತದೆ. ನಾಲ್ಕು ಕೆಜಿ ಹಸಿಗೆ ಒಂದು ಕೆಜಿ ಮಣೂಕ. ಸಕ್ಕರೆ ಕಡಿಮೆ ಇದ್ದರೆ ನಾಲ್ಕಕ್ಕೆ ಒಂದೂ ಬರುವುದಿಲ್ಲ. ಉದ್ದಕ್ಕಾಗಿ ಜಿಎ ಜಾಸ್ತಿ ಹೊಡೆದು, ನೀರು ಜಾಸ್ತಿ ಕೊಟ್ಟು ಉಬ್ಬಿಸಿದ ಹಣ್ಣು ಇಲ್ಲಿ ಸೋಲುತ್ತದೆ. ಪುಣೆ ಹತ್ತಿರ ಮಾಂಜರಿಯಲ್ಲಿ 1997ರಲ್ಲಿ ಶುರುವಾದ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದವರು ಮಣೂಕಕ್ಕೆಂದೇ ಮಾಂಜರಿ ಕಿಶ್ಮಿಶ್ ಅಂತ ಒಂದು ತಳಿ ಕೊಟ್ಟಿದ್ದಾರೆ. ಅದೂ ಕೂಡಿಸಿದ್ದಲ್ಲ, ರೂಪಾಂತರದಿಂದ ಆರಿಸಿದ್ದು.

ನಮ್ಮ ಕಡೆಯವರಿಗೆ ಈ "ಕೂಡಿಸಿದ್ದಲ್ಲ, ಆರಿಸಿದ್ದು" ಅನ್ನೋದು ಹೊಸದಲ್ಲ. ವಿಜಯಪುರದ ಬಿಳಿಜೋಳವೂ ಇದೇ ಕಥೆ. 1964ರಲ್ಲಿ ದೇಶದ ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್-1 ಬಂತು, ಮುಂಗಾರಿನ ಹೊಲಗಳಲ್ಲಿ ಇಳುವರಿ ಏರಿತು. ನಮ್ಮ ಹಿಂಗಾರಿ ಎರೆಭೂಮಿಯಲ್ಲಿ ಮಾತ್ರ 1930ರ ದಶಕದಲ್ಲಿ ಸೊಲ್ಲಾಪುರದ ಮೋಹೋಳದಲ್ಲಿ ನಾಟಿ ಜೋಳದಿಂದ ಆರಿಸಿದ ಮಾಲದಂಡಿಯೇ ಇವತ್ತಿಗೂ ದೊಡ್ಡಪ್ಪ. ಯಾಕೆ ಅಂತ ನಮ್ಮ ಅಜ್ಜಿಯನ್ನು ಕೇಳಿದರೆ "ಹೈಬ್ರಿಡ್ ಜ್ವಾಳದ ರೊಟ್ಟಿ ಬಡದು ನೋಡು, ತಿಳಿತೈತಿ" ಅನ್ನೋಳು. ತಳಿಯ ಪರೀಕ್ಷೆ ಕೊನೆಗೆ ನಡೆಯುವುದು ಕೊಣಮಿಗೆ ಹತ್ತಿರ, ಹಂಚಿನ ಮೇಲೆ.

ಬೇರಿನ ವಿಷಯದಲ್ಲಿ ಮಾತ್ರ ನಮ್ಮವರು ಬೇರೆ ದೇಶದ ಜೀವವನ್ನು ಎರಡು ಕೈಯಲ್ಲಿ ಬರಮಾಡಿಕೊಂಡಿದ್ದಾರೆ. ಮಾಮಾನ ಪಡದ ನೆಲದ ಮೇಲಿನದು ಥಾಮ್ಸನ್ ಆದರೆ ನೆಲದ ಕೆಳಗಿನದು ಡಾಗ್‌ರಿಡ್ಜ್. ಅಮೆರಿಕದ ಟೆಕ್ಸಾಸ್‌ನ ಬೆಲ್ ಕೌಂಟಿಯ ಕಾಡುದ್ರಾಕ್ಷಿ ಅದು, ಎರಡು ಜಾತಿ ತಾವಾಗಿಯೇ ಕೂಡಿ ಹುಟ್ಟಿದ್ದು. ಆರಿಸಿದವರು ಟಿ. ವಿ. ಮನ್ಸನ್. ಬೇರುಹೇನಿಗೆ ಫ್ರಾನ್ಸಿನ ತೋಟಗಳೆಲ್ಲ ಹಾಳಾದಾಗ ಟೆಕ್ಸಾಸ್‌ನ ಕಾಡುಬೇರಿನ ದಾರಿ ತೋರಿಸಿದವರಲ್ಲಿ ಅವರೂ ಒಬ್ಬರು. 1888ರಲ್ಲಿ ಫ್ರಾನ್ಸ್ ಸರ್ಕಾರ ಅವರಿಗೆ ಗೌರವ ಪದವಿ ಕೊಟ್ಟಿತು. ನಮಗೆ ಡಾಗ್‌ರಿಡ್ಜ್ ಬೇಕಾದದ್ದು ಬೇರುಹೇನಿಗಲ್ಲ, ಬೋರ್‌ವೆಲ್‌ನ ಸವುಳು ನೀರಿಗೆ ಮತ್ತು ಬರಕ್ಕೆ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಕಡೆ ಹತ್ತುವ ಮುಂಚೆ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿಕೊಂಡ ಮನೆಗಳು ಎಷ್ಟೋ. ಆಗ ಉಳಿದದ್ದು ಈ ಬೇರಿನ ಗಟ್ಟಿತನದಿಂದ. ಹಣ್ಣು ಕೊಡುವ ಭಾಗಕ್ಕೆ ಕೂಡಿಸಿದ ರಕ್ತ ಬೇಡ ಅನ್ನುವ ಮಾರುಕಟ್ಟೆಗೆ ಬೇರಿನ ಚಿಂತೆ ಇಲ್ಲ, ಅದು ಕಾಣುವುದಿಲ್ಲವಲ್ಲ.

ಇನ್ನು ಲೈಸೆನ್ಸ್ ವಿಷಯ, ಇಲ್ಲಿ ನನಗೆ ಸ್ವಲ್ಪ ಬಾಯಿ ಬಂತು. ಭ್ರೂಣ ಬದುಕಿಸಿ ಮಾಡಿದ ವಿದೇಶಿ ತಳಿಗಳು ಬರುವುದೇ ಒಪ್ಪಂದದ ಮೇಲೆ. ಕಡ್ಡಿ ನಿಮ್ಮ ಹೊಲದಲ್ಲಿದ್ದರೂ ನಿಮ್ಮದಲ್ಲ; ಪಕ್ಕದವರಿಗೆ ಕೊಡುವಂತಿಲ್ಲ, ರಾಯಲ್ಟಿ ಕಟ್ಟಬೇಕು, ಸಾಮಾನ್ಯವಾಗಿ ಹಣ್ಣು ಕೂಡ ಅವರು ಹೇಳಿದವರಿಗೇ. ಸಾಫ್ಟ್‌ವೇರ್ ಚಂದಾ ಕಟ್ಟುವ ನಮಗೆ ಇದು ವಿಚಿತ್ರ ಅನಿಸುವುದಿಲ್ಲ. ಇಪ್ಪತ್ತು ವರ್ಷ ತಳಿ ಕೂಡಿಸಿದವರಿಗೆ ಕೂಲಿ ಸಿಗಬೇಕು, ಅದರಲ್ಲಿ ತಪ್ಪೇನಿಲ್ಲ. ಆದರೆ ನಮ್ಮ ದೇಶದ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ವಿಶೇಷವಾದದ್ದು. ಬಳ್ಳಿಗಳ ಹೊಸ ತಳಿಗೆ ಅದು 18 ವರ್ಷ ರಕ್ಷಣೆ ಕೊಡುತ್ತದೆ. ಅದೇ ಹೊತ್ತಿಗೆ, ಬ್ರ್ಯಾಂಡ್ ಹೆಸರಿನಲ್ಲಿ ಮಾರದಿದ್ದರೆ ರೈತ ತನ್ನ ಬೀಜ ಉಳಿಸಿ, ಮತ್ತೆ ಬಿತ್ತಿ, ಹಂಚಿಕೊಳ್ಳಬಹುದು ಅಂತಲೂ ಹೇಳುತ್ತದೆ. ಆ ಕಾಯ್ದೆಯಲ್ಲಿ ಬೀಜ ಅಂದರೆ ಕಡ್ಡಿ, ಕಸಿ ಎಲ್ಲವೂ ಸೇರಿದೆ. 2019ರಲ್ಲಿ ಗುಜರಾತಿನ ಆಲೂಗಡ್ಡೆ ರೈತರ ಮೇಲೆ ಪೆಪ್ಸಿಕೋ ದಾವೆ ಹೂಡಿ, ಗದ್ದಲವಾದ ಮೇಲೆ ವಾಪಸ್ ಪಡೆದದ್ದು ನಿಮಗೆ ನೆನಪಿರಬಹುದು. ಜಗಳ ಇದರದೇ ಆಗಿತ್ತು. ನಾನು ಮಾಮಾನಿಗೆ ಹೇಳಿದ್ದು ಇಷ್ಟು: ಕಾಯ್ದೆ ಒಂದು, ನೀನು ಸಹಿ ಹಾಕುವ ಕರಾರು ಇನ್ನೊಂದು; ಎರಡನ್ನೂ ಓದದೆ ಕಡ್ಡಿ ಮುಟ್ಟಬ್ಯಾಡ.

ಮಾಮಾ ನಕ್ಕ. "ಸೋನಾಕಾದ ಕಡ್ಡಿ ನಮ್ಮಪ್ಪ ಬೀಗರ ತ್ವಾಟದಿಂದ ಸೈಕಲ್ ಮ್ಯಾಲ ತಂದಿದ್ದ. ಒಂದು ಚಾ ಕುಡಿಸಿದ್ದ, ಅಷ್ಟ ರಾಯಲ್ಟಿ" ಅಂದ.

ಆ ಒಂದು ಮಾತಿನಲ್ಲಿ ನಮ್ಮ ಕಡೆ ದ್ರಾಕ್ಷಿ ಹರಡಿದ ಬಗೆ ಪೂರ್ತಿ ಇದೆ. ರೈತ ಕಂಡ, ರೈತ ಆರಿಸಿದ, ರೈತ ಹಂಚಿದ. ಅದರಿಂದ ಗಡಿಯ ಈಚೆ ಆಚೆ ಸಾವಿರಾರು ಮನೆ ನಿಂತಿವೆ. ಆದರೆ ಆ ದಾರಿಯಲ್ಲಿ ಉದ್ದ ಸಿಗುತ್ತದೆ, ಬಣ್ಣ ಸಿಗುತ್ತದೆ. ಬಳ್ಳಿಯಲ್ಲಿ ಇಲ್ಲದ ರೋಗನಿರೋಧಕ ಗುಣ ಒಂದು ಮೊಗ್ಗಿನ ಸಣ್ಣ ತಪ್ಪಿನಿಂದ ಬರುತ್ತದೆ ಅಂತ ಕಾಯುವುದು ಲಾಟರಿ. ಅದಕ್ಕೆ ಕೂಡಿಸಲೇಬೇಕು, ಅದನ್ನು ಸರ್ಕಾರಿ ಸಂಸ್ಥೆಗಳು ಮಾಡಿದರೆ ಮಾತ್ರ ಸೈಕಲ್ ಮೇಲೆ ಕಡ್ಡಿ ಬರುವ ವ್ಯವಹಾರ ಉಳಿಯುತ್ತದೆ ಅನ್ನೋದು ನನ್ನ ಅಭಿಪ್ರಾಯ. ಮಣೂಕಕ್ಕೆ ಹಣ್ಣಿನ ಉದ್ದ ಮುಖ್ಯವಲ್ಲ, ಒಣಗಿದ ಮೇಲೆ ನೋಟವೂ ಅಷ್ಟು ಕಾಡುವುದಿಲ್ಲ. ಹಾಗಾಗಿ ರೋಗ ತಡೆಯುವ ಕೂಡುತಳಿ ಮೊದಲು ಒಳಗೆ ಬರಬಹುದಾದ ಬಾಗಿಲು ಮುಂಬೈ ಮಾರುಕಟ್ಟೆಯಲ್ಲ, ತಿಕೋಟಾದ ಮಣೂಕ ಶೆಡ್ಡು.

ಮನೆಯ ಜಗಳ ರಾಜಿಯಲ್ಲಿ ನಿಂತಿದೆ. ಹಳೇ ಗಿಡ ಕಿತ್ತು, ಕಲ್ಲುಕಂಬ-ತಂತಿ ಹಾಗೇ ಇಟ್ಟುಕೊಂಡು ಫೆಬ್ರವರಿಯಲ್ಲಿ ಡಾಗ್‌ರಿಡ್ಜ್ ಸಸಿ ಹಚ್ಚಿದ್ದಾರೆ. ಕಸಿ ಕಟ್ಟೋದು ಸೆಪ್ಟೆಂಬರ್‌ನಲ್ಲಿ. ಒಂದೂ ಮುಕ್ಕಾಲು ಎಕರೆಗೆ ಮಾಣಿಕ್ ಚಮನ್, ಅದು ಮಾಮಾನ ಪಾಲು, ಬ್ಯಾಂಕಿನ ಕಂತು ಅದೇ ಕಟ್ಟಬೇಕು. ಒಡ್ಡಿನ ಕಡೆಯ ಕಾಲು ಎಕರೆ ಮಗನದು. ಅಲ್ಲಿ ಬೇರೆ ಬೇರೆ ಸಾಲಿಗೆ ಬೇರೆ ಬೇರೆ ಕಡ್ಡಿ. ಸಂಶೋಧನಾ ಕೇಂದ್ರದಿಂದ ಯಾವ ತಳಿ ಸಿಗುತ್ತೋ ಅದು. ಔಷಧ ಎಷ್ಟು ಹೊಡೆದೆ, ಎಷ್ಟು ಬಿಟ್ಟೆ ಅಂತ ಸಾಲಿನ ಲೆಕ್ಕ ಇಡಲು ನಾನೊಂದು ಸ್ಪ್ರೆಡ್‌ಶೀಟ್ ಮಾಡಿಕೊಟ್ಟಿದ್ದೇನೆ, ಫೋನಿನಲ್ಲೇ ತುಂಬುವಂಥದ್ದು. ಇಂಗ್ಲಿಷ್ ಹೆಡಿಂಗ್ ತೆಗೆದು ಅವನು ಕನ್ನಡದಲ್ಲಿ ಬರೆದುಕೊಂಡಿದ್ದಾನೆ: "ಸಾಲು", "ರೋಗ", "ಔಷಧ", "ಅಪ್ಪ ಏನಂದ".

ಕೊನೇ ಕಾಲಂನಲ್ಲಿ ಈವರೆಗೆ ಒಂದೇ ಎಂಟ್ರಿ ಇದೆ. "ಬ್ಯಾರೇರ ಮುಂದ ಹೇಳಬ್ಯಾಡ, ಮೊದಲ ಹಣ್ಣ ಬರಲಿ."